ಮಾತು, ಮೌನ ಮತ್ತು ಟೆಲಿವಿಷನ್: ಓಜು ಅವರ ‘ಓಹಾಯೋ’

ಯಂತ್ರವು ಮನೆಯ ಹೊಸ್ತಿಲನ್ನು ದಾಟಿದೊಡನೆ ಹಿಂದಿನ ರೀತಿನೀತಿಗಳು ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತವೆ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಅಭಿಪ್ರಾಯ. ಎರಡನೆಯ ಮಹಾಯುದ್ಧದ ತರುವಾಯದ ಜಪಾನಿನ ಜೀವನವನ್ನು ಈ ಒಂದೇ ಸೂತ್ರದಿಂದ ವಿವರಿಸಹೊರಟವರೂ ಉಂಟು. ಯಾಸುಜಿರೋ ಓಜು ಅವರು 1959ರಲ್ಲಿ ನಿರ್ದೇಶಿಸಿದ ‘ಓಹಾಯೋ’ ಎಂಬ ವರ್ಣಚಿತ್ರವು ಈ ಸೂತ್ರಕ್ಕೆ ಒಳಪಡುವಂಥದಲ್ಲ. ಬೆಳಗಿನ ಹೊತ್ತು ಎದುರಾದವರಿಗೆ ಹೇಳುವ ವಂದನೆಯ ನುಡಿಯೇ ‘ಓಹಾಯೋ’. ಇದೇ ನಿರ್ದೇಶಕರ ‘ಟೋಕಿಯೋ ಕಥೆ’ಯ (1953) ಗಾಂಭೀರ್ಯವನ್ನು ಮೆಚ್ಚಿದವರು ಇದನ್ನು ಹಗುರವಾದ ವಿನೋದವೆಂದು ಬದಿಗಿಡುವುದುಂಟು. ಆದರೆ ಹೊಸ ಸಾಧನವೊಂದು ಹಳೆಯ ನಡವಳಿಕೆಯ ಮೂಲಕವೇ ಮನೆಯೊಳಗೆ ಬರುವ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದ ಕೃತಿಗಳು ವಿರಳ.

ಚಿತ್ರದ ಕಾಲವನ್ನು ಮೊದಲು ನೆನೆಯಬೇಕು. ಜಪಾನಿನಲ್ಲಿ ಟೆಲಿವಿಷನ್ ಪ್ರಸಾರ ಪ್ರಾರಂಭವಾದುದು 1953ರಲ್ಲಿ. ಆರಂಭದ ದಿನಗಳಲ್ಲಿ ಬೀದಿಯಲ್ಲಿ ನಿಲ್ಲಿಸಿದ ಪೆಟ್ಟಿಗೆಗಳ ಮುಂದೆ ಜನರು ಗುಂಪುಗೂಡಿ ಕುಸ್ತಿಯನ್ನು ನೋಡುತ್ತಿದ್ದರು. ಆ ದಶಕದ ಉತ್ತರಾರ್ಧದಲ್ಲಿ ಟೆಲಿವಿಷನ್, ಬಟ್ಟೆ ಒಗೆಯುವ ಯಂತ್ರ, ಶೀತಕ ಪೆಟ್ಟಿಗೆ ಇವು ಮೂರೂ ‘ಮೂರು ಪವಿತ್ರ ನಿಧಿಗಳು’ ಎಂಬ ಪರಿಹಾಸ್ಯದ ಹೆಸರನ್ನು ಪಡೆದುವು. ಸಿಂಹಾಸನದ ಕುರುಹುಗಳಾದ ಕನ್ನಡಿ, ಖಡ್ಗ, ಮಣಿಗಳಿಗೆ ಸಲ್ಲುತ್ತಿದ್ದ ಹೆಸರು ಅದು. ಟೆಲಿವಿಷನ್ ಇಡೀ ರಾಷ್ಟ್ರವನ್ನು ಬುದ್ಧಿಹೀನವಾಗಿಸುತ್ತದೆ ಎಂದು ಸೋಇಚಿ ಓಯಾ ಎಂಬ ವಿಮರ್ಶಕರು 1957ರಲ್ಲಿ ಎಚ್ಚರಿಸಿದ್ದರು. 1959ರ ಏಪ್ರಿಲಿನಲ್ಲಿ ನಡೆದ ಯುವರಾಜನ ವಿವಾಹವನ್ನು ನೋಡುವ ಸಲುವಾಗಿಯೇ ಅನೇಕ ಸಂಸಾರಗಳು ಪೆಟ್ಟಿಗೆಯನ್ನು ಕೊಂಡುವು. ಮರುತಿಂಗಳೇ ಈ ಚಿತ್ರ ತೆರೆಕಂಡಿತು.

ಟೋಕಿಯೋ ನಗರದ ಹೊರವಲಯದಲ್ಲಿ, ಏರಿಯೊಂದರ ಬುಡದಲ್ಲಿ, ಒತ್ತಾಗಿ ನಿಂತ ಪುಟ್ಟ ಮನೆಗಳ ಸಾಲು ಕಥೆಯ ರಂಗಸ್ಥಳ. ಹಯಾಶಿ ಮನೆತನದ ಬಾಲಕರಾದ ಮಿನೋರು ಮತ್ತು ಇಸಾಮು ಟೆಲಿವಿಷನ್ ಬೇಕೆಂದು ಹಠ ಹಿಡಿಯುತ್ತಾರೆ. ಮಾತು ಅತಿಯಾಯಿತೆಂದು ತಂದೆ ಗದರಿಸಿದಾಗ, ನಿಜವಾಗಿ ವ್ಯರ್ಥಾಲಾಪ ಮಾಡುವವರು ದೊಡ್ಡವರೇ ಎಂದು ಹಿರಿಯವನು ಪ್ರತಿವಾದ ಹೂಡುತ್ತಾನೆ: ಬೆಳಗಿನ ವಂದನೆ, ಸಂಜೆಯ ವಂದನೆ, ಹವೆ ಚೆನ್ನಾಗಿದೆಯೆಂಬ ಉದ್ಗಾರ, ಇವುಗಳಿಂದ ಪ್ರಯೋಜನವೇನು? ಅನಂತರ ಇಬ್ಬರೂ ಮೌನವ್ರತ ತಾಳುತ್ತಾರೆ. ಶಾಲೆಯ ಊಟದ ಹಣವನ್ನು ಕೇಳುವುದಕ್ಕೂ ಕೈಸನ್ನೆಯೇ ಗತಿಯಾಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಮೌನದ ಬಿಸಿ ತಟ್ಟುವುದು ತಂದೆತಾಯಿಗಳಿಗಿಂತ ಹೆಚ್ಚಾಗಿ ನೆರೆಹೊರೆಗೆ. ಮಹಿಳಾ ಸಂಘದ ಚಂದಾಹಣ ತಲುಪಲಿಲ್ಲವೆಂಬ ಗುಸುಗುಸು ಮೊದಲೇ ಕೇರಿಯಲ್ಲಿ ಹಬ್ಬಿತ್ತು. ಸಂಘದ ಹಿರಿಯಳಾದ ಹರಗುಚಿ ಎಂಬಾಕೆಯ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದದ್ದೇ ಸಂಶಯಕ್ಕೆ ಕಾರಣ. ವಾಸ್ತವವಾಗಿ ಹಣವನ್ನು ಪಡೆದು ಮರೆತವಳು ಆಕೆಯ ವೃದ್ಧ ತಾಯಿ. ಆ ಪ್ರಕರಣ ಮುಗಿಯಿತೆನ್ನುವಷ್ಟರಲ್ಲಿ ಬಾಲಕರು ಹರಗುಚಿಯ ವಂದನೆಗೆ ಮರುನುಡಿಯದೆ ಸಾಗುತ್ತಾರೆ. ತಾಯಿಯೇ ದ್ವೇಷದಿಂದ ಹೀಗೆ ಕಲಿಸಿರಬೇಕೆಂದು ಆಕೆ ಊಹಿಸುತ್ತಾಳೆ; ಕೇಳಿದವರು ಎರವಲು ತಂದ ವಸ್ತುಗಳನ್ನು ಹಿಂದಿರುಗಿಸಲು ಅವಸರಪಡುತ್ತಾರೆ. ಅರ್ಥವಿಲ್ಲದ ಮಾತು ನಿಂತಾಗ ಆ ತೆರಪಿನಲ್ಲಿ ಅನರ್ಥ ಬೆಳೆಯಿತು.

ಬಾಲಕರಿಗೆ ಇಂಗ್ಲಿಷ್ ಹೇಳಿಕೊಡುವ ತರುಣನು ಇಂಥ ವ್ಯರ್ಥ ಮಾತುಗಳೇ ಲೋಕವ್ಯವಹಾರದ ಚಕ್ರಕ್ಕೆ ಎಣ್ಣೆಯೆಂದು ಸಮರ್ಥಿಸುತ್ತಾನೆ. ಕನ್ನಡಿಗರು ಪರಸ್ಪರ ಕೇಳುವ ‘ಊಟವಾಯಿತೆ?’ ಎಂಬ ಪ್ರಶ್ನೆಯಲ್ಲಿ ಊಟದ ವಿಚಾರಣೆ ಎಷ್ಟಿರುತ್ತದೆಂಬುದನ್ನು ಬಲ್ಲವರಿಗೆ ಈ ವಾದ ಹೊಸದಲ್ಲ. ಓಜು ಈ ಸಮರ್ಥನೆಯನ್ನು ಅಲ್ಲಿಗೇ ಬಿಡುವುದಿಲ್ಲ. ಬಾಲಕರ ಚಿಕ್ಕಮ್ಮನಲ್ಲಿ ಅನುರಕ್ತನಾದ ಆ ತರುಣನೇ ಆಕೆಯೊಡನೆ ರೈಲು ನಿಲ್ದಾಣದಲ್ಲಿ ನಿಂತಾಗ, ಹವೆ ಮತ್ತು ಮೋಡದ ವಿಷಯದಿಂದಾಚೆಗೆ ಒಂದು ಮಾತನ್ನೂ ಆಡಲಾರನು. ಸಂಬಂಧವನ್ನು ಕಾಯುವ ಶಿಷ್ಟಾಚಾರವು ಹೃದಯದ ಮಾತನ್ನು ತಡೆಯಲೂ ಬಲ್ಲದು.

ಕಥೆಯ ಗಂಟು ಬಿಚ್ಚುವ ಬಗೆಯಲ್ಲಿ ಚಿತ್ರದ ಮುಖ್ಯ ತತ್ತ್ವವಿದೆ. ನೌಕರಿಯಿಂದ ನಿವೃತ್ತನಾಗಿ, ಕೆಲಸವಿಲ್ಲದೆ, ಕುಡಿತದಲ್ಲಿ ಸಮಾಧಾನ ಹುಡುಕುತ್ತಿದ್ದ ತೊಮಿಜಾವಾ ಎಂಬ ನೆರೆಯವನಿಗೆ ವಿದ್ಯುತ್ ಸಾಧನಗಳನ್ನು ಮಾರುವ ಉದ್ಯೋಗ ದೊರೆಯುತ್ತದೆ. ಟೆಲಿವಿಷನ್ನಿನಿಂದ ಜನರು ಮೂಢರಾಗುತ್ತಾರೆಂಬ ಮಾತನ್ನು ತಾನೂ ಎತ್ತಿದ್ದ ತಂದೆ, ಆ ಮುದುಕನ ಹೊಸ ಜೀವನೋಪಾಯಕ್ಕೆ ನೆರವಾಗಲೆಂದು ಪೆಟ್ಟಿಗೆಯನ್ನು ಕೊಳ್ಳುತ್ತಾನೆ. ಮಕ್ಕಳ ಹಠಕ್ಕಾಗಲಿ ಜಾಹೀರಾತಿಗಾಗಲಿ ಈ ಗೆಲವು ಸಲ್ಲುವುದಿಲ್ಲ. ಯಂತ್ರವು ಮನೆಯೊಳಗೆ ಬಂದದ್ದು ನೆರೆಯ ಋಣದ ಬಾಗಿಲಿನಿಂದ.

ಹೀಗಿದ್ದರೂ ಈ ಸೌಮ್ಯ ಪರಿಹಾರವನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಓಜು ಅವರದೇ ‘ಹುಟ್ಟಿದೆನಾದರೂ’ (1932) ಎಂಬ ಮೂಕಚಿತ್ರದ ಛಾಯೆ ಇದರಲ್ಲಿದೆ. ಅಲ್ಲಿ ಇಬ್ಬರು ಬಾಲಕರು ಊಟ ಬಿಟ್ಟು ಮುಷ್ಕರ ಹೂಡುವುದು, ತಮ್ಮ ತಂದೆ ಮೇಲಧಿಕಾರಿಯ ಮುಂದೆ ವಿದೂಷಕನಂತೆ ವರ್ತಿಸಿದನೆಂಬ ಅವಮಾನದಿಂದ. ಹಸಿವೆ ಅವರ ಮುಷ್ಕರವನ್ನು ಮುರಿಯಿತಾದರೂ ಅವರೆತ್ತಿದ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. 1959ರ ಬಾಲಕರ ಬೇಡಿಕೆಗೆ ಬೆಲೆಚೀಟಿಯುಂಟು. ಹಣ ತೆತ್ತೊಡನೆ ಜಗಳ ತೀರುತ್ತದೆ. ಇಪ್ಪತ್ತೇಳು ವರ್ಷಗಳಲ್ಲಿ ಮಕ್ಕಳ ಪ್ರತಿಭಟನೆ ನ್ಯಾಯದಿಂದ ವಸ್ತುವಿಗೆ ಇಳಿಯಿತೆಂಬುದನ್ನು ಓಜು ಕಂಡಿರಬೇಕು. ಆದರೆ ಅದರ ನೋವಿನ ಬಳಿ ಅವರು ತಡೆದು ನಿಲ್ಲುವುದಿಲ್ಲ.

ಇನ್ನೊಂದು ಲೋಪ ಇದಕ್ಕಿಂತ ಗುರುತರವಾದುದು. ಆ ಸಾಲಿನಲ್ಲಿ ಮೊದಲು ಟೆಲಿವಿಷನ್ ಹೊಂದಿದ್ದವರು ಒಂದು ತರುಣ ದಂಪತಿ. ಬಾಲಕರು ಸುಮೋ ಕುಸ್ತಿಯನ್ನು ನೋಡಲು ಓಡುತ್ತಿದ್ದುದು ಅವರ ಮನೆಗೇ. ಅವರ ಉಡುಗೆತೊಡುಗೆ, ಜೀವನಕ್ರಮಗಳನ್ನು ಸಹಿಸದ ನೆರೆಯ ಗೃಹಿಣಿಯರ ಟೀಕೆಗೆ ಬೇಸತ್ತು ಆ ದಂಪತಿ ಮನೆ ಬಿಟ್ಟು ಹೋಗುತ್ತಾರೆ. ತೊಮಿಜಾವಾನನ್ನು ಕೈಹಿಡಿದೆತ್ತಿದ ಕೇರಿಯೇ ಇವರನ್ನು ಹೊರದೂಡಿತು. ಹೊಂದಿಕೊಂಡವರಿಗೆ ಆಸರೆ, ಹೊಂದದವರಿಗೆ ತಿರಸ್ಕಾರ: ಒಂದೇ ಕಟ್ಟುಪಾಡಿನ ಎರಡು ಮುಖಗಳಿವು. ಮೊದಲ ಮುಖವನ್ನು ಪ್ರೀತಿಯಿಂದ ಬೆಳಗಿದ ನಿರ್ದೇಶಕರು ಎರಡನೆಯದನ್ನು ತೋರಿಸಿಯೂ ಅದರ ವಿಚಾರಣೆಗೆ ತೊಡಗದೆ ಮುಂದೆ ಸಾಗುತ್ತಾರೆ. ಅಲ್ಲದೆ, ಪೆಟ್ಟಿಗೆ ತಮ್ಮ ಮನೆಗೇ ಬಂದ ಮೇಲೆ ಬಾಲಕರು ನೆರೆಮನೆಯ ಬಾಗಿಲನ್ನು ತಟ್ಟಲು ಉಳಿದ ಕಾರಣವೇನು? ವಂದನೆಯ ನುಡಿ ಅವರ ಬಾಯಿಗೆ ಮರಳುವ ಹೊತ್ತಿಗೆ ನೆರೆಯ ಅಗತ್ಯವೇ ಕುಗ್ಗತೊಡಗಿತ್ತು.

ಮುಂದಿನ ಚರಿತ್ರೆ ಈ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿತು. 1979ರಲ್ಲಿ ಸೋನಿ ಸಂಸ್ಥೆ ‘ವಾಕ್‌ಮನ್’ ಎಂಬ ಸಾಧನವನ್ನು ಹೊರತಂದಾಗ, ಒಬ್ಬನೇ ಕೇಳುತ್ತ ಕೂರುವುದು ಅಸಭ್ಯವೆನಿಸೀತೆಂದು ಅದರ ಮುಖ್ಯಸ್ಥರಾದ ಅಕಿಯೋ ಮೊರಿತಾ ಅಳುಕಿದರು. ಆದುದರಿಂದ ಇಬ್ಬರು ಕೇಳಲು ಎರಡು ಕಿಂಡಿಗಳನ್ನೂ, ಸಂಗೀತವನ್ನು ತಗ್ಗಿಸಿ ಪರಸ್ಪರ ಮಾತನಾಡಲು ಒಂದು ಗುಂಡಿಯನ್ನೂ ಇರಿಸಲಾಯಿತು. ಶಿಷ್ಟಾಚಾರವು ಯಂತ್ರದ ಒಡಲನ್ನೇ ಹೊಕ್ಕಿತ್ತು. ಆದರೆ ಕೊಂಡವರು ಅದನ್ನು ತಮ್ಮೊಬ್ಬರ ಸ್ವತ್ತೆಂದೇ ಭಾವಿಸಿದರು. ಎರಡನೆಯ ಕಿಂಡಿಯೂ ಆ ಗುಂಡಿಯೂ ಬರಬರುತ್ತ ಮರೆಯಾದುವು.

ರೀತಿನೀತಿಯು ಯಂತ್ರವನ್ನು ಒಳಗೆ ಕರೆದುಕೊಳ್ಳುತ್ತದೆ. ಬಂದ ಯಂತ್ರವು ಕಾಲಕ್ರಮದಲ್ಲಿ ರೀತಿನೀತಿಯನ್ನು ತಿದ್ದುತ್ತದೆ. ‘ಓಹಾಯೋ’ ಚಿತ್ರವು ಇದರ ಪೂರ್ವಾರ್ಧವನ್ನು ಮಾತ್ರ ಹೇಳುತ್ತದೆ, ಆದರೆ ಪರಿಪೂರ್ಣವಾಗಿ ಹೇಳುತ್ತದೆ. ಉತ್ತರಾರ್ಧವು ಹಯಾಶಿಯವರ ಮನೆಯಲ್ಲಿ ಇನ್ನೂ ತೆರೆಯದಿದ್ದ ಆ ರಟ್ಟಿನ ಪೆಟ್ಟಿಗೆಯೊಳಗೆ ಅಡಗಿತ್ತು.