ನಾಲ್ಕನೆಯ ಪರದೆ ನೋಡಿದಿರಾ?

ಈ ವಾರ ಕಪ್ಪು ಪರದೆಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮೊದಲು ತೀರಿಸಿಬಿಡುತ್ತೇನೆ. ಗ್ರಬ್ ಮೆನು ಬಂತು, ಎಂಟರ್ ಒತ್ತಿದಿರಿ, ಆಮೇಲೆ ಬರೀ ಕತ್ತಲೆ. ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತಿ. ಕರ್ನಲ್ ಗ್ರಾಫಿಕ್ಸ್ ಚಿಪ್ಪಿನ ತಂಟೆಗೆ ಹೋಗದೆ, ಬಯಾಸ್ ಕೊಟ್ಟ ಚಿತ್ರದಲ್ಲೇ ತೃಪ್ತಿಪಟ್ಟು ಮುಂದೆ ಸಾಗುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಸರಿಯಾದ ಡ್ರೈವರ್ ಹಾಕಿ ಆ ಪದವನ್ನು ಕಿತ್ತುಬಿಡಿ. ಅದನ್ನು ಕಾಯಂ ಉಳಿಸಿಕೊಂಡು ‘ಲಿನಕ್ಸ್‌ನಲ್ಲಿ ವಿಡಿಯೊ ತಡವರಿಸುತ್ತದೆ’ ಎಂದು ಬರೆಯುವವರಿಗೆ ಇನ್ನು ಮುಂದೆ ಉತ್ತರವಿಲ್ಲ. ಕಪ್ಪು ಪರದೆ ಮುಗಿಯಿತು.

ಈಗ ನಿಜವಾಗಿ ಬರೆಯಬೇಕೆಂದಿದ್ದ ವಿಷಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಧಿಕೃತ ಬೆಂಬಲ ಮುಗಿದಾಗಿನಿಂದ ಅಟ್ಟದ ಮೇಲಿನ ಪೆಟ್ಟಿಗೆಗಳೂ ಕೆಳಗಿಳಿಯತೊಡಗಿವೆ. ಅವುಗಳ ಜತೆಗೇ ‘ಹಗುರ ಪಂಥ’ದವರೂ ಎದ್ದು ಕೂತಿದ್ದಾರೆ. ಈ ಅಂಕಣದ ಓದುಗರಿಗೆ ಇವರು ಹೊಸಬರಲ್ಲ. ಕಂಪ್ಯೂಟರ್‌ಗೆ ಏನೇ ಆಗಿರಲಿ, ಇವರ ಬಳಿ ಒಂದೇ ಔಷಧ: ಇನ್ನೊಂದು ಡಿಸ್ಟ್ರೋ, ಇದಕ್ಕಿಂತ ಹಗುರವಾದದ್ದು. ಉಬುಂಟು ಆಗಲಿಲ್ಲವೇ, ಲುಬುಂಟು ಹಾಕಿ. ಅದೂ ನಿಂತಿತೇ, ಪಪ್ಪಿ ಹಾಕಿ. ಪೆನ್ ಡ್ರೈವ್ ಸವೆಯುವವರೆಗೆ ಹೀಗೆಯೇ.

ಹಗುರದ ಭ್ರಮೆಯನ್ನು ಮೊದಲು ಕಳೆಯೋಣ. ಡೆಸ್ಕ್‌ಟಾಪ್ ಎಷ್ಟೇ ತೆಳ್ಳಗಿರಲಿ, ಮನೆಮಂದಿ ತೆರೆಯುವುದು ಬ್ರೌಸರನ್ನು, ಅದು ಎಲ್ಲ ಡಿಸ್ಟ್ರೋದಲ್ಲೂ ಒಂದೇ ತೂಕ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು. 2021ರಿಂದ ಎಸ್‌ಎಸ್‌ಇ3 ಇಲ್ಲದ ಪ್ರೊಸೆಸರ್‌ನಲ್ಲಿ ಅದು ಏಳುವುದೇ ಇಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೂಡ ಇಲ್ಲ. ಆದರೆ ಎದೆಗುಂದುವ ಮೊದಲು ಲೈವ್ ಪೆನ್ ಡ್ರೈವ್‌ನಿಂದ ಎದ್ದು ‘ಎಲ್‌ಎಸ್‌ಸಿಪಿಯು’ ಎಂದು ಟೈಪ್ ಮಾಡಿ ನೋಡಿ. ಕೋರ್ 2 ಡುಯೊ ಪೆಟ್ಟಿಗೆಗೆ ಅಂಗಡಿಯವರು 32 ಬಿಟ್ ವಿಂಡೋಸ್ ತುಂಬಿಕೊಟ್ಟಿದ್ದ ಮಾತ್ರಕ್ಕೆ ಅದು 32 ಬಿಟ್ ಪೆಟ್ಟಿಗೆಯಾಗುವುದಿಲ್ಲ.

ಹಗುರ ಪಂಥದ ಮೇಲೆ ನನ್ನ ಅಸಲಿ ಸಿಟ್ಟು ಬೇರೆ. ಅವರು ಓದುವುದಿಲ್ಲ. ಡೆಬಿಯನ್ ಇನ್‌ಸ್ಟಾಲರ್ ಶೇಕಡಾ ಇಷ್ಟು ಎಂದು ಹೇಳಿ ನಿಂತಾಗ ಆಲ್ಟ್ ಜತೆ ಎಫ್4 ಒತ್ತಿದರೆ (ಗ್ರಾಫಿಕಲ್ ಆಗಿದ್ದರೆ ಕಂಟ್ರೋಲ್ ಕೂಡ) ನಾಲ್ಕನೆಯ ಪರದೆ ತೆರೆಯುತ್ತದೆ. ಒಳಗೆ ನಡೆದದ್ದೆಲ್ಲ ಅಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಎಸ್‌ಡಿಎ ಹೆಸರಿನ ಜತೆ ‘ಯುಎನ್‌ಸಿ’ ಎಂದಿದ್ದರೆ ಹಾರ್ಡ್ ಡಿಸ್ಕ್‌ನ ಆ ಜಾಗ ಓದಲಾಗುತ್ತಿಲ್ಲ ಎಂದರ್ಥ. ‘ಐಸಿಆರ್‌ಸಿ’ ಎಂದಿದ್ದರೆ ಡಿಸ್ಕ್ ಬಹುಪಾಲು ನಿರಪರಾಧಿ, ಕೇಬಲ್ ಬದಲಿಸಿ. ಪೆನ್ ಡ್ರೈವ್‌ನ ಹೆಸರಿನ ಎದುರು ಐ/ಒ ಎರರ್ ಇದ್ದರೆ ಇನ್ನೊಂದು ಪೆನ್ ಡ್ರೈವ್‌ಗೆ ಬರೆಯಿರಿ, ಇಳಿಸಿಕೊಂಡ ಫೈಲಿನ ಚೆಕ್‌ಸಮ್ ತಾಳೆ ನೋಡಿದ ಮೇಲೆ. ‘ಬಿ43’ ಎಂಬ ಫರ್ಮ್‌ವೇರ್ ಸಿಗಲಿಲ್ಲ ಎಂದಿದ್ದರೆ ಅದು ಬ್ರಾಡ್‌ಕಾಮ್ ವೈಫೈ ಕಾರ್ಡಿನ ಹಳೇ ಹಟ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಟೆದರಿಂಗ್ ಹಾಕಿ, ಕೆಲಸ ಮುಂದುವರಿಸಿ. ಪ್ರತಿಸಲವೂ ಬೇರೆ ಬೇರೆ ಕಡೆ ಮುಗ್ಗರಿಸುತ್ತಿದ್ದರೆ ಮಾತ್ರ ರ‍್ಯಾಮ್ ಮೇಲೆ ಅನುಮಾನ ಪಡಿ. ಕಳಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಲು ಬಿಡಿ. ಎಸ್.ಪಿ. ರೋಡಿನ ಯಾವ ರಿಪೇರಿ ಹುಡುಗನಿಗೂ ಈ ರಬ್ಬರಿನ ವಿದ್ಯೆ ಗೊತ್ತು.

ಮದರ್‌ಬೋರ್ಡಿನ ಸಿಆರ್2032 ಬಿಲ್ಲೆಯ ಕಥೆಯೂ ಇಲ್ಲೇ ಸಿಗುತ್ತದೆ. ಅದು ಸತ್ತ ಪೆಟ್ಟಿಗೆ ಪ್ಲಗ್ ಕಿತ್ತಾಗಲೆಲ್ಲ ತಾನು ಹುಟ್ಟಿದ ಕಾಲಕ್ಕೆ ಮರಳುತ್ತದೆ. ಆಗ ಜಾಲತಾಣಗಳ ಪ್ರಮಾಣಪತ್ರಗಳೂ ಪ್ಯಾಕೇಜ್ ಪಟ್ಟಿಯ ಸಹಿಯೂ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲದ ದಿನದವು, ಹಾಗಾಗಿ ಯಾವುದನ್ನೂ ನಂಬುವುದಿಲ್ಲ. ಬಿಲ್ಲೆ ಬದಲಿಸಿ, ಬಯಾಸ್‌ನಲ್ಲಿ ತಾರೀಕು ತಿದ್ದಿ. ಇಷ್ಟಕ್ಕೆ ಡಿಸ್ಟ್ರೋ ಯಾಕೆ ಬದಲಿಸಬೇಕು?

ಕೊನೆಯದಾಗಿ, ಓದುಗರೊಬ್ಬರ ಪತ್ರ. ಹಳೇ ಪೆಂಟಿಯಂ 4 ಪೆಟ್ಟಿಗೆಗೆ 160 ಜಿಬಿ ಡಿಸ್ಕ್ ಹಾಕಿ ಲಿನಕ್ಸ್ ಸ್ಥಾಪಿಸಿದರಂತೆ. ತಿಂಗಳುಗಟ್ಟಲೆ ಚೆನ್ನಾಗಿತ್ತು. ಒಂದು ಅಪ್‌ಡೇಟ್ ಆದ ಮೇಲೆ, ಡಿಸ್ಕ್‌ನ ಆಚೆಗೆ ಓದಲು ಯತ್ನಿಸಲಾಯಿತು ಎಂದು ಗ್ರಬ್ ಮುಷ್ಕರ ಹೂಡಿತು. ಗೆಳೆಯರ ಸಲಹೆಯಂತೆ ಬೇರೆ ಡಿಸ್ಟ್ರೋ ಹಾಕಿದರು, ಸರಿಹೋಯಿತು. ‘ಹಾಗಾದರೆ ಮೊದಲಿನದ್ದೇ ಕೆಟ್ಟದ್ದಲ್ಲವೇ?’ ಎಂದು ಕೇಳಿದ್ದಾರೆ.

ಇದಕ್ಕೆ ಉತ್ತರ ನನ್ನ ಪ್ರೀತಿಯ ಹಳೇ ಗ್ರಂಥದಲ್ಲಿದೆ. ಡಚ್ ಗಣಿತಜ್ಞ ಆಂಡ್ರೀಸ್ ಬ್ರೌವರ್ ಬರೆದ ‘ಲಾರ್ಜ್ ಡಿಸ್ಕ್ ಹೌಟು’ ಅದು. ನನಗದು ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳಲ್ಲಿ ಡಿಸ್ಕ್‌ನ ವಿಳಾಸ ಹೇಳುತ್ತಿದ್ದ ಕಾಲ. ಬಯಾಸ್‌ನ ಪದ್ಧತಿಯಲ್ಲಿ ಸಿಲಿಂಡರ್ 1024ಕ್ಕಿಂತ, ಸೆಕ್ಟರ್ 63ಕ್ಕಿಂತ ಮೇಲೆ ಹೋಗುವಂತಿರಲಿಲ್ಲ. ಐಡಿಇ ಡಿಸ್ಕ್‌ಗೆ ಹೆಡ್ 16 ದಾಟುವಂತಿರಲಿಲ್ಲ. ಒಬ್ಬರ ಧಾರಾಳ ಇನ್ನೊಬ್ಬರ ಜಿಪುಣತನಕ್ಕೆ ಬಲಿಯಾಗಿ, ಮೂರರಲ್ಲೂ ಚಿಕ್ಕ ಅಂಕಿಯೇ ಉಳಿಯಿತು. 1024, 16, 63, ಸೆಕ್ಟರ್‌ಗೆ 512 ಬೈಟ್: ಗುಣಿಸಿದರೆ 528 ಎಂಬಿ. ಅದೇ ಮೊದಲ ಗೋಡೆ. ಅನುವಾದದ ಉಪಾಯದಿಂದ ಅದನ್ನು ಹಾರಿದರೆ 8.4 ಜಿಬಿಯ ಗೋಡೆ. ಅದನ್ನೂ ಹಾರಿದರೆ 33.8 ಜಿಬಿಯದು; ಅಲ್ಲಿ ಕೆಲವು ಬಯಾಸ್‌ಗಳು ದೊಡ್ಡ ಡಿಸ್ಕ್ ಕಂಡೊಡನೆ ಸ್ತಬ್ಧವಾಗುತ್ತಿದ್ದವು. ತಯಾರಕರು ಡಿಸ್ಕ್‌ಗೊಂದು ಜಂಪರ್ ಇಟ್ಟು, ‘ನಾನು ಚಿಕ್ಕವ’ ಎಂದು ಸುಳ್ಳು ಹೇಳಿಸಿದರು. ಆಮೇಲಿನದು 28 ಬಿಟ್ ವಿಳಾಸದ ಗೋಡೆ, 137 ಜಿಬಿ.

ಪತ್ರದ ಪೆಟ್ಟಿಗೆ ಎಡವಿರುವುದು ಈ ಕೊನೆಯ ಗೋಡೆಗೆ. ಲಿನಕ್ಸ್ ಕರ್ನಲ್ ಒಮ್ಮೆ ಎದ್ದರೆ ಬಯಾಸ್‌ನ ಹಂಗಿಲ್ಲದೆ ಡಿಸ್ಕ್ ಜತೆ ನೇರ ಮಾತಾಡುತ್ತದೆ, 160 ಜಿಬಿಯೂ ಕಾಣುತ್ತದೆ. ಆದರೆ ಕರ್ನಲನ್ನು ಎಬ್ಬಿಸಬೇಕಾದ ಗ್ರಬ್ ಓದುವುದು ಬಯಾಸ್ ಮೂಲಕ, ಬಯಾಸ್‌ನ ಕಣ್ಣು 137ಕ್ಕೇ ಮುಗಿಯುತ್ತದೆ. ಮೊದಲ ಕರ್ನಲ್ ಫೈಲು ಗೋಡೆಯ ಈಚೆ ಬಿದ್ದಿತ್ತು, ನಡೆಯಿತು. ಅಪ್‌ಡೇಟ್‌ನಲ್ಲಿ ಬಂದ ಹೊಸದು ಆಚೆ ಬಿತ್ತು, ನಿಂತಿತು. ಡಿಸ್ಟ್ರೋ ಬದಲಿಸಿದಾಗ ಡಿಸ್ಕ್ ಅಳಿಸಿ ಹೋಗಿ, ಫೈಲು ಮತ್ತೆ ಈಚೆ ಬಂತು. ಹಗುರ ಪಂಥಕ್ಕೆ ಇನ್ನೊಬ್ಬ ಭಕ್ತ ಸಿಕ್ಕಿದ.

ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಅದೇ ಮುಷ್ಕರ ಮರುಕಳಿಸಬಹುದು. ಆಗ ಇಷ್ಟು ಮಾಡಿ: ಇನ್‌ಸ್ಟಾಲ್ ಮಾಡುವಾಗ ವಿಭಜನೆಯನ್ನು ಕೈಯಾರೆ ಆಯ್ದುಕೊಂಡು, ಡಿಸ್ಕ್‌ನ ತೀರಾ ಆರಂಭದಲ್ಲಿ ಒಂದು ಜಿಬಿಯಷ್ಟು ಜಾಗವನ್ನು ‘ಬೂಟ್’ಗೆಂದೇ ಪ್ರತ್ಯೇಕವಾಗಿ ಕೊಡಿ. ಉಳಿದದ್ದು ಎಲ್ಲಿ ಬೇಕಾದರೂ ಇರಲಿ. ಗ್ರಬ್ ಎಲ್ಲಿಗೆ ಎಂದು ಕೇಳಿದಾಗ ಎಸ್‌ಡಿಎ1 ಅಲ್ಲ, ಬರೀ ಎಸ್‌ಡಿಎ ಎನ್ನಿ.