ಕೂಲಂಟ್ ಇಳಿದರೆ, ಎಂಜಿನ್ ಮಿಸ್ ಹೊಡೆದರೆ

ಹಳೆಯ ಪೆಟ್ರೋಲ್ ಕಾರು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಿಸ್ ಹೊಡೆದು ಒಂದೆರಡು ನಿಮಿಷದಲ್ಲಿ ಸರಿಹೋಗುತ್ತಿದ್ದರೆ, ಜೊತೆಗೆ ಕೂಲಂಟ್ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ, ಮೊದಲು ಶಂಕಿಸಬೇಕಾದದ್ದು ಹೆಡ್ ಗ್ಯಾಸ್ಕೆಟ್. ಅದರ ಸಣ್ಣ ಸೀಳಿನಿಂದ ರಾತ್ರಿ ಸಿಲಿಂಡರಿಗೆ ಇಳಿದ ಕೂಲಂಟ್ ಬೆಳಿಗ್ಗೆ ಪ್ಲಗ್ಗಿನ ಕಿಡಿ ಕೆಡಿಸುತ್ತದೆ. ಅದು ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬಿದ್ದ ಮೇಲೆ ಎಂಜಿನ್ ಹದಕ್ಕೆ ಬರುತ್ತದೆ.

ಆದರೂ ತಪಾಸಣೆ ಹೊರಗಿನಿಂದಲೇ ಆರಂಭವಾಗಬೇಕು. ಎಂಜಿನ್ ತಣ್ಣಗಿದ್ದಾಗ ಹೋಸ್, ಕ್ಲಿಪ್, ರೇಡಿಯೇಟರ್ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ ಇವುಗಳ ಸುತ್ತ ಒಣಗಿದ ಬಣ್ಣದ ಕಲೆ ಇದೆಯೇ ನೋಡಬೇಕು. ಮುಂದಿನ ಸೀಟಿನ ಕಾಲಡಿಯ ಹಾಸು ಒದ್ದೆಯಾಗಿದ್ದರೆ ಹೀಟರ್ ಸೋರುತ್ತಿರಬಹುದು. ರೇಡಿಯೇಟರ್ ಮುಚ್ಚಳವನ್ನೂ ಬಿಡುವಂತಿಲ್ಲ. ಅದು ಹಿಡಿದಿಡುವ ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಗೆ. ಸ್ಪ್ರಿಂಗ್ ಸಡಿಲಾದರೆ ಆ 20 ಡಿಗ್ರಿಯ ರಕ್ಷಣೆ ತಪ್ಪುತ್ತದೆ.

ಹೊರಗೆ ಏನೂ ಸಿಗದಿದ್ದರೆ ಸಂಜೆ ತಣ್ಣಗಿನ ಎಂಜಿನ್ನಿಗೆ ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಟರ್‌ಗಳನ್ನೂ ಪ್ಲಗ್ಗುಗಳನ್ನೂ ಬಿಚ್ಚಿ ಸೆಲ್ಫ್ ಹೊಡೆದರೆ ಸೋರುವ ಸಿಲಿಂಡರಿನ ರಂಧ್ರದಿಂದ ಕೂಲಂಟಿನ ತುಂತುರು ಚಿಮ್ಮುತ್ತದೆ. ಬಿಚ್ಚಿದ ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ನೋಡಬೇಕು: ಮೂರು ಕಂದು ಬಣ್ಣಕ್ಕಿದ್ದು, ನಾಲ್ಕನೆಯದು ಉಗಿಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ ಸಾಕ್ಷ್ಯ ಬಲವಾಯಿತು. ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೂ ಗ್ಯಾಸ್ಕೆಟ್ ಮೇಲೆಯೇ ಅನುಮಾನ. ಡಿಪ್‌ಸ್ಟಿಕ್‌ನ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕಾರನ್ನು ಓಡಿಸಲೇಬಾರದು.

ಕೂಲಂಟ್ ಇಳಿಯದೆ ಬರೀ ಮಿಸ್ಸಿಂಗ್ ಇದ್ದರೆ ದಾರಿ ಬೇರೆ. ಸ್ಕ್ಯಾನರಿನಲ್ಲಿ ಪಿ0302 ಬಂದರೆ ಎರಡನೆಯ ಸಿಲಿಂಡರ್ ಮಿಸ್ ಆಗುತ್ತಿದೆ ಎಂದರ್ಥ. ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿದಾಗ ಕೋಡ್ ಪಿ0303 ಆದರೆ ತಪ್ಪು ಕಾಯಿಲಿನದು. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಎಂಬ ಕ್ರಮದಲ್ಲಿ ಸಾಗಬೇಕು.

ಬಿಸಿಲು ನಾಡಿನ ಗ್ಯಾರೇಜುಗಳಲ್ಲಿ ಬೇರೂರಿದ ಒಂದು ಪದ್ಧತಿ ಇಷ್ಟೂ ಕೆಲಸವನ್ನು ಹಾಳುಮಾಡುತ್ತದೆ: ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು, ಬೋರ್‌ವೆಲ್ ನೀರು ತುಂಬುವುದು. ಶಹಾಪುರ–ಸುರಪುರ ರಸ್ತೆಯ ಮೇ ತಿಂಗಳ ಬಿಸಿಲು 42 ಡಿಗ್ರಿ ಇದ್ದರೂ ಥರ್ಮೋಸ್ಟಾಟ್ ತೆರೆಯುವುದು 80 ಡಿಗ್ರಿ ದಾಟಿದ ಮೇಲೆ. ಆ ಮಟ್ಟದ ಬಿಸಿ ಎಂಜಿನ್ನಿಗೆ ಬೇಕೇಬೇಕು. ಅದು ಸಿಗದಿದ್ದರೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಹೊಸದೊಂದು ಮಿಸ್ಸಿಂಗ್ ಹುಟ್ಟುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು ಏರು ರಸ್ತೆಯಲ್ಲಿ ಬಿಸಿ ಇನ್ನೂ ಏರುತ್ತದೆ. ಯಾದಗಿರಿ ಸೀಮೆಯ ಗಡಸು ನೀರಿನ ಸುಣ್ಣ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಸೋರಿಕೆ ಮುಚ್ಚುವ ಪುಡಿ ಸುರಿದರೆ ಉಳಿದ ಕೊಳವೆಗಳೂ ಕಟ್ಟಬಹುದು. ಡಿಸ್ಟಿಲ್ಡ್ ವಾಟರ್ ಮತ್ತು ಕಂಪನಿ ಹೇಳಿದ ಕೂಲಂಟನ್ನು ಅರ್ಧರ್ಧ ಬೆರೆಸುವುದೇ ಸರಿ.

ಗ್ಯಾಸ್ಕೆಟ್ ಬದಲಿಸುವಾಗ ಹೆಡ್ ಸೊಟ್ಟಗಿದೆಯೇ ಎಂದು ಅಳೆಯದೆ ಕೂರಿಸಿದರೆ ಹೊಸದೂ ಬಾಳುವುದಿಲ್ಲ. ಹಳೆ ಕಾರು ಕೊಳ್ಳುವವರು ಮುಂಜಾನೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ, ಮುಚ್ಚಳ ತೆರೆದು ನೋಡಿ, ತಾವೇ ಸ್ಟಾರ್ಟ್ ಮಾಡಬೇಕು. ಮೊದಲೇ ಬಿಸಿ ಮಾಡಿಟ್ಟ ಕಾರಿಗೆ ಮುಂಗಡ ಕೊಡಬಾರದು.