ಬಿಡು, ಬೀಡು, ಬಿಡುಗಡೆ

ಪುಸ್ತಕ ಬಿಡುಗಡೆ, ಸಿನಿಮಾ ಬಿಡುಗಡೆ, ಅಣೆಕಟ್ಟೆಯಿಂದ ನೀರು, ಸರ್ಕಾರದಿಂದ ಅನುದಾನ ಬಿಡುಗಡೆ. ಸೆರೆಯಿಂದ ಹೊರಬಂದವನಿಗೂ ಅದೇ ಮಾತು. ಇಷ್ಟೆಲ್ಲ ದುಡಿದೂ ಈ ಪದ ಸವೆದಿಲ್ಲ. ಬುಡದಲ್ಲಿರುವ ‘ಬಿಡು’ ಅಷ್ಟು ಗಟ್ಟಿ ಧಾತು.

ಅದೇ ಧಾತುವಿನ ಇನ್ನೊಂದು ಕೂಸು ‘ಬೀಡು’. ಕೆಡು ಕೇಡಾದಂತೆ, ಪಡು ಪಾಡಾದಂತೆ ಬಿಡು ಬೀಡಾಯಿತು. ಸ್ವರ ಹಿಗ್ಗಿದರೆ ಕ್ರಿಯಾಪದ ನಾಮಪದವಾಗುವುದು ಕನ್ನಡದ ಹಳೆಯ ಜಾಡು. ಆದರೆ ಬಿಡುವುದೆಂದರೆ ತೊರೆಯುವುದು, ಬೀಡೆಂದರೆ ತಂಗುವ ಜಾಗ. ಎರಡೂ ಹೇಗೆ ಕೂಡಿದವು?

ಉತ್ತರ ನೊಗದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಆರು ಬಿಡೋ ಹೊತ್ತು’ ಎಂಬ ಮಾತಿದೆ; ಇಲ್ಲಿ ಆರು ಎಂದರೆ ಎತ್ತು ಹೂಡಿದ ನೇಗಿಲು. ಬಿಸಿಲೇರಿದಾಗ ಉಳುವವನು ಕಣ್ಣಿ ಸಡಿಲಿಸಿ ನೊಗ ಇಳಿಸುತ್ತಾನೆ; ಎತ್ತುಗಳು ಕೊರಳು ಕೊಡವಿ ನೀರಿನ ಕಡೆ ಹೊರಡುತ್ತವೆ. ದಾರಿ ಸಾಗುವ ಗಾಡಿಯಾಗಲಿ, ದಂಡಾಗಲಿ, ಎತ್ತು ಕುದುರೆಗಳನ್ನು ಬಿಚ್ಚಿ ಬಿಟ್ಟ ಕಡೆಯೇ ಬೀಡು. ‘ಬೀಡುಬಿಟ್ಟರು’ ಎನ್ನುವಾಗ ಒಂದೇ ಧಾತುವನ್ನು ಎರಡು ಸಲ ನುಡಿಯುತ್ತೇವೆ. ಬಿಡಾರ, ಬಿಡದಿ, ಬಿಡುವು ಎಲ್ಲವೂ ಇದೇ ಬಳಗದವು.

ಅರಸರು ಸ್ಥಿರವಾಗಿ ನೆಲೆನಿಂತ ಊರನ್ನು ಶಾಸನಗಳು ‘ನೆಲೆವೀಡು’ ಎನ್ನುತ್ತವೆ. ಹೊಯ್ಸಳರ ದೋರಸಮುದ್ರ ಅಂಥದ್ದು. ರಾಜಧಾನಿ ಹಾಳಾದ ಮೇಲೆ ಉಳಿದ ಹೆಸರು ಹಳೇಬೀಡು. ನೆಲೆವೀಡಿನ ‘ವ’ಕಾರದ ಮೇಲೆ ನನಗೆ ವಿಶೇಷ ಅಕ್ಕರೆ. ತಮಿಳಿನ ಬೆರಳು ವಿರಲ್, ಬಿಲ್ಲು ವಿಲ್. ಪದದ ಮೊದಲಿನ ‘ವ’ವನ್ನು ಕನ್ನಡ ‘ಬ’ ಮಾಡಿಕೊಂಡಿತು. ಸಮಾಸದ ನಡುವೆ ಸಂಧಿಯ ನೆಪದಲ್ಲಿ ಆ ಹಳೆಯ ದನಿ ಮತ್ತೆ ಕೇಳಿಸುತ್ತದೆ.

ತಮಿಳು ಇನ್ನೂ ಮುಂದೆ ಹೋಗಿದೆ. ಅಲ್ಲಿ ‘ವೀಡು’ ಎಂದರೆ ಮನೆ. ಅರಂ, ಪೊರುಳ್, ಇನ್ಬಂಗಳ ನಂತರದ ನಾಲ್ಕನೆಯ ಪುರುಷಾರ್ಥ ಮೋಕ್ಷಕ್ಕೂ ಅದೇ ಹೆಸರು. ಬಿಡುಗಡೆಗೆ ಅವರದು ‘ವಿಡುದಲೈ’, ತೆಲುಗರದು ‘ವಿಡುದಲ’. ಪೆರಿಯಾರರ ಪತ್ರಿಕೆಯ ಹೆಸರೂ ‘ವಿಡುದಲೈ’.

ಸಂಸ್ಕೃತದ ‘ಮುಚ್’ ಧಾತುವಿನಿಂದ ಮೋಕ್ಷ, ಮುಕ್ತಿ, ವಿಮೋಚನೆಗಳೂ ನಮಗೆ ಬಂದಿವೆ. ನಿಜಾಮನ ಆಳ್ವಿಕೆ 1948ರಲ್ಲಿ ಕೊನೆಗೊಂಡದ್ದನ್ನು ನೆನೆಯುವ ಸೆಪ್ಟೆಂಬರ್ 17ಕ್ಕೆ ‘ವಿಮೋಚನಾ ದಿನ’ ಎಂಬ ಹೆಸರು ಒಪ್ಪುತ್ತದೆ. ಒಂದು ನಾಡಿನ ಗಾಂಭೀರ್ಯ ಅದರಲ್ಲಿದೆ. ಜೀತದಿಂದ ಹೊರಬಂದ ಒಬ್ಬ ಆಳಿನ ವಿಷಯ ಬಂದಾಗ ಮಾತ್ರ ನಾನು ‘ಬಿಡುಗಡೆ’ ಎಂದೇ ಬರೆಯುತ್ತೇನೆ. ಹೆಗಲ ಮೇಲಿನ ನೊಗ ಏನೆಂದು ಬಲ್ಲವನಿಗೆ ಆ ಪದವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.